ಮಾಬ್ಲಣ್ಣನ ಅಬ್ಜೆಕ್ಷನ್

ಮದುವೆ ಊಟದ ಪಂಕ್ತಿಯಲ್ಲಿ ಎರಡನೇ ಸಲ ಸಾರು ಬರುವ ಮೊದಲೇ ಪಾಯಸ ಬಂದರೆ ಮಾಬ್ಲಣ್ಣ ಎಡಗೈ ಎತ್ತಿ ಗಟ್ಟಿಯಾಗಿ "ಅಬ್ಜೆಕ್ಷನ್" ಎನ್ನುತ್ತಿದ್ದರು. ಬಡಿಸುವವನು ಸೌಟು ಹಿಡಿದು ಅಲ್ಲೇ ನಿಂತುಬಿಡುತ್ತಿದ್ದ. ಅಷ್ಟಾದ ಮೇಲೆ ಮಾಬ್ಲಣ್ಣ ಪಾಯಸ ಹಾಕಿಸಿಕೊಂಡೇ ಉಣ್ಣುತ್ತಿದ್ದರು, ರುಚಿಯಾಗಿದ್ದರೆ ಇನ್ನೊಂದು ಸಲವೂ. ಪಾಯಸದ ಮೇಲೆ ಅವರಿಗೆ ಸಿಟ್ಟೇನೂ ಇರಲಿಲ್ಲ. ಪಂಕ್ತಿ ಒಂದು ಕ್ಷಣ ನಿಂತರೆ ಅವರಿಗೆ ಸಾಕಿತ್ತು.

ತೊಂಬತ್ತರ ದಶಕದಲ್ಲಿ ನಾನು ಹಾವೇರಿ ಕಡೆಯಿಂದ ಶಿರಸಿಯ ಕಾಲೇಜಿಗೆ ಇಂಗ್ಲಿಷ್ ಕಲಿಸಲು ಬಂದಾಗ ಬಾಡಿಗೆಗೆ ಸಿಕ್ಕಿದ್ದು ಅವರ ಮನೆಯ ಮುಂದಿನ ಕೋಣೆ. ಮಹಾಬಲೇಶ್ವರ ಎಂಬ ಹೆಸರು ಊರವರ ಬಾಯಲ್ಲಿ ಸವೆದು ಮಾಬ್ಲಣ್ಣ ಆಗಿತ್ತು. ಪೇಟೆಯಲ್ಲಿ ಅವರದೊಂದು ಪಾತ್ರೆ ಅಂಗಡಿ. ಹರೆಯದಲ್ಲಿ ಯಾರದೋ ಬೇಲಿ ಜಗಳಕ್ಕೆ ಸಾಕ್ಷಿಯಾಗಿ ಕೋರ್ಟಿಗೆ ಹೋಗಿದ್ದಾಗ ವಕೀಲರೊಬ್ಬರು ಎದ್ದು ನಿಂತು ಆ ಶಬ್ದ ಹೇಳಿದ್ದರಂತೆ. ಇಡೀ ಕೋರ್ಟು ಗಪ್ಪಾಯಿತಂತೆ. "ನಮ್ಮ ಮನೇಲಿ ಒಬ್ಬರ ಬಾಯಿ ಮುಚ್ಚಿಸೂಕೆ ಅರ್ಧ ತಾಸು ಕೂಗಬೇಕು. ಅಲ್ಲಿ ನೋಡಿದ್ರೆ ಒಂದೇ ಶಬ್ದ ಮಾರಾಯ್ರೆ," ಎಂದು ಈಗಲೂ ಬೆರಗಿನಿಂದ ಹೇಳುತ್ತಿದ್ದರು.

ನಾನು ಇಂಗ್ಲಿಷಿನವನು ಎಂದು ತಿಳಿದದ್ದೇ ಆ ಶಬ್ದದ ಮೂಲ ಕೇಳಿದರು. ಲ್ಯಾಟಿನ್ನಿನಲ್ಲಿ ಅದಕ್ಕೆ ಎದುರಿಗೆ ಎಸೆಯುವುದು ಎಂದರ್ಥ, ಕಣ್ಣೆದುರು ಬಿದ್ದಿರುವ ವಸ್ತುವಿಗೆ ಆಬ್ಜೆಕ್ಟ್ ಎನ್ನುವುದೂ ಅದರಿಂದಲೇ ಎಂದೆ. ಮಾಬ್ಲಣ್ಣ ಖಾಲಿ ಕೈಯನ್ನು ಒಮ್ಮೆ ಎಸೆಯುವಂತೆ ಬೀಸಿ ನೋಡಿದರು. ಹಾಗಾದರೆ ತಕರಾರು ಎಲ್ಲಿಯದು ಎಂದು ಕೇಳಿದರು. ಅರಬ್ಬಿಯದು, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದು ಎಂದೆ. ಅವರು ಒಳಗೆ ತಿರುಗಿ ಹೆಂಡತಿಗೆ, "ಕೇಳ್ದ್ಯನೇ, ನಿಂದು ತಕರಾರು, ನಂದು ಅಬ್ಜೆಕ್ಷನ್," ಎಂದರು. "ನೀವು ಎಸೀರಿ, ಕಸ ಗುಡಿಸಲೆ ಆನಿದ್ದೆ," ಎಂದು ಗಂಗಕ್ಕ ಒಳಗಿಂದಲೇ ಹೇಳಿದರು.

ಗಂಗಕ್ಕ ತಮಾಷೆಗೆ ಹೇಳಿದ್ದು ನಿಜವಾಯಿತು. ಆ ವರ್ಷದ ಸೊಸೈಟಿ ಸಭೆಯಲ್ಲಿ ಅಧ್ಯಕ್ಷರು ವರದಿ ಓದುತ್ತಿದ್ದಾಗ ಮಾಬ್ಲಣ್ಣ ಎದ್ದು ಹೆಗಲ ಮೇಲಿನ ಪಂಜಿ ವಸ್ತ್ರವನ್ನು ಬೀಸಿ ವೇದಿಕೆಗೆ ಎಸೆದರು. ಅದು ಹೋಗಿ ಮೈಕಿನ ಮೇಲೆ ಕೂತಿತು. ಅಧ್ಯಕ್ಷರ ದನಿ ಪಂಜಿಯೊಳಗಿಂದ ಬಂದಂತೆ ಕೇಳಿಸಿತು: "ಮಾಬ್ಲಣ್ಣ, ಎಂತ ಇದು?"

"ಮೂಲಾರ್ಥ," ಎಂದರು ಮಾಬ್ಲಣ್ಣ.

ಅಲ್ಲಿಂದ ಮುಂದೆ ಅವರು ಸಭೆಗೆ ಬಂದರೆ ಸಂಘಟಕರು ಮೊದಲು ಮುಂದಿನ ಸಾಲಿನ ನೀರಿನ ಲೋಟಗಳನ್ನು ಎತ್ತಿಡುತ್ತಿದ್ದರು.

ಇಂಥವರ ಮನೆಯಲ್ಲಿದ್ದುಕೊಂಡು ನಾನು ರಿಜಿಸ್ಟರ್ ಮದುವೆಗೆ ಅರ್ಜಿ ಹಾಕಿದೆ. ಹುಡುಗಿ ಯಶೋದಾ ಯಲ್ಲಾಪುರದ ಕಡೆಯವಳು, ನಮ್ಮ ಕಾಲೇಜಿನ ಲೈಬ್ರರಿಯಲ್ಲಿದ್ದಳು. ನನ್ನ ಜಾತಿ ಬೇರೆ. ಅವಳ ತಂದೆ ತಾಯಿ ಹೇಗೋ ಒಪ್ಪಿದ್ದರು, ಸೋದರಮಾವ ಒಪ್ಪಿರಲಿಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನ ಬೋರ್ಡಿನ ಮೇಲೆ ನಮ್ಮಿಬ್ಬರ ಹೆಸರು ಬಂತು. ಕೆಳಗೆ, ಯಾರದಾದರೂ ಆಕ್ಷೇಪಣೆ ಇದ್ದರೆ ಒಂದು ತಿಂಗಳೊಳಗೆ ಸಲ್ಲಿಸತಕ್ಕದ್ದು ಎಂದಿತ್ತು. ಅದರ ಮುಂದೆ ಮಾಬ್ಲಣ್ಣ ಕನ್ನಡಕ ಒರೆಸಿಕೊಂಡು ನಿಂತದ್ದನ್ನು ನಾನೇ ನೋಡಿದೆ. ಸೋದರಮಾವನಿಗಿಂತ ನನಗೆ ಅವರದೇ ಹೆದರಿಕೆ. ಸರಕಾರವೇ ಅಬ್ಜೆಕ್ಷನ್ ಕೊಡಿ ಎಂದು ಕರೆದ ಮೇಲೆ ಆ ಮನುಷ್ಯ ಕೈಕಟ್ಟಿ ಕೂರುವುದು ಹೇಗೆ?

ತಿಂಗಳು ಮುಗಿಯುತ್ತ ಬಂದಾಗ ಒಂದು ಸಂಜೆ ಸೋದರಮಾವ ನೇರವಾಗಿ ಮಾಬ್ಲಣ್ಣನ ಜಗುಲಿಗೇ ಬಂದ. ಅಬ್ಜೆಕ್ಷನ್ ವಿಷಯದಲ್ಲಿ ತಾಲೂಕಿಗೇ ತಿಳಿದವರು ಇವರು ಎಂದು ಯಾರೋ ಹೇಳಿದ್ದರಂತೆ. ನಾನು ಕೋಣೆಯಲ್ಲಿ ಬಾಗಿಲಿಗೆ ಕಿವಿಯಿಟ್ಟು ಕೂತೆ. ಹುಡುಗನಿಗೆ ಮದುವೆಯ ವಯಸ್ಸಾಗಿದೆಯೋ ಎಂದು ಮಾಬ್ಲಣ್ಣ ಕೇಳಿದರು. ಆಗಿದೆ ಎಂದ. ಮೊದಲೇ ಮದುವೆಯಾಗಿದೆಯೋ? ಇಲ್ಲ. ತಲೆ ಸರಿ ಇದೆಯೋ? ಸೋದರಮಾವ ಸ್ವಲ್ಪ ಆಸೆಯಿಂದ ನೀವೇ ಹೇಳಬೇಕು ಎಂದ. ಮಾಬ್ಲಣ್ಣ ಯೋಚಿಸಿದರು. ಅವರು ಅಷ್ಟು ಹೊತ್ತು ಯೋಚಿಸಿದ್ದಕ್ಕೆ ನನಗೆ ಇವತ್ತಿಗೂ ಬೇಸರವಿದೆ. ಕೊನೆಗೆ, ಇಂಗ್ಲಿಷ್ ಕಲಿಸುವವರಲ್ಲಿ ಅಷ್ಟು ಸರಿ ಇದ್ದರೆ ಸಾಕು ಎಂದರು.

"ಎಂಗೆ ಮನಸ್ಸಿಲ್ಲೆ, ಮಾಬ್ಲಣ್ಣ," ಎಂದ ಸೋದರಮಾವ.

"ಮನಸ್ಸಿಲ್ಲೆ ಹೇಳದು ಅಬ್ಜೆಕ್ಷನ್ ಅಲ್ದೋ ತಮಾ. ಎದ್ರಿಗೆ ಎಸೆಯಲೆ ಎಂತಾರೂ ಬೇಕು. ನಿನ್ನ ಕೈಯಲ್ಲಿ ಎಂತ ಇದ್ದು?"

ಅವನು ನಿಜವಾಗಿಯೂ ತನ್ನ ಎರಡೂ ಕೈ ನೋಡಿಕೊಂಡ. ಎಂತೂ ಇಲ್ಲೆ ಎಂದ. ಹಾಗಾದರೆ ಚಾ ಕುಡಿ ಎಂದರು ಮಾಬ್ಲಣ್ಣ. ಗಂಗಕ್ಕ ಚಾ ತಂದರು. ಅವನು ಕುಡಿದು, ತಣ್ಣಗಾಗಿ, ಕೊನೆಯ ಬಸ್ಸಿಗೆ ಹೋದ.

ಮದುವೆಯ ದಿನ ಅಧಿಕಾರಿ ರೂಢಿಯಂತೆ ಯಾರದಾದರೂ ಆಕ್ಷೇಪವಿದೆಯೇ ಎಂದು ಕೇಳಿದಾಗ ಜವಾನನೂ ಸೇರಿ ಎಲ್ಲರೂ ಮಾಬ್ಲಣ್ಣನತ್ತ ತಿರುಗಿದರು. ಅವರು ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟು ಅವುಗಳ ಮೇಲೆ ಕೂತಿದ್ದರು. ಹಣೆಯಲ್ಲಿ ಬೆವರು. ಆಮೇಲೆ ಸಾಕ್ಷಿಯ ಸಹಿ ಹಾಕಿ, ಪೆನ್ನು ಸರಿ ಇಲ್ಲ ಎಂದು ಅಬ್ಜೆಕ್ಷನ್ ಎತ್ತಿ ಹಗುರಾದರು.

ಎರಡು ಸಾವಿರದ ಇಸವಿಯ ಆಚೀಚೆ ನನಗೆ ಧಾರವಾಡಕ್ಕೆ ವರ್ಗವಾಯಿತು. ಬಸ್ ಸ್ಟ್ಯಾಂಡಿಗೆ ಬಂದ ಮಾಬ್ಲಣ್ಣ ಕಿಟಕಿಯ ಹತ್ತಿರ ನಿಂತು, ಒಪ್ಪುವುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ಕೇಳಿದರು. ಅಗ್ರೀ ಎಂದೆ. ಅದರ ಮೂಲ ಕೇಳಿದರು. ಮನಸ್ಸಿಗೆ ಹಿಡಿಸುವುದು ಎಂದೆ.

"ಅಷ್ಟೆಯಾ? ಅದ್ರಲ್ಲಿ ಕೆಲಸ ಎಂತೂ ಇಲ್ಲ," ಎಂದರು. ಕಿಟಕಿಯ ಸರಳು ಹಿಡಿದು, "ಇರಲಿ. ನೀವು ಹೋದ್ಮೇಲೆ ಗಂಗೆ ಹತ್ರ ವಾದಕ್ಕೆ ನಾನೊಬ್ಬನೇ. ಅದೂ ಒಂದು ಶಬ್ದ ಗೊತ್ತಿದ್ರೆ ಒಳ್ಳೇದು."

ಮತ್ತೆ ಅವರನ್ನು ನೋಡುವುದಾಗಲಿಲ್ಲ. ಅವರು ತೀರಿಹೋದ ಸುದ್ದಿ ತಿಳಿದು ಫೋನು ಮಾಡಿದಾಗ, ಬಸ್ ಸ್ಟ್ಯಾಂಡಿನಲ್ಲಿ ಕಲಿತ ಆ ಶಬ್ದ ಬಳಸುತ್ತಿದ್ದರೇ ಎಂದು ಗಂಗಕ್ಕನನ್ನು ಕೇಳಿದೆ.

"ದಿನಾ ಹೇಳ್ತಿದ್ರು," ಎಂದರು ಗಂಗಕ್ಕ. "ನಾನು ಬಾಯಿ ಬಿಡೂಕೂ ಮೊದಲೇ ಅಗ್ರೀ ಅಂದು ಹೊರಗೆ ಹೋಗ್ತಿದ್ರು. ಎಂತಕ್ಕೆ ಒಪ್ಪಿದ್ದು ಅಂತ ಒಂದಿನಾನೂ ಗೊತ್ತಾಗ್ಲಿಲ್ಲ."