ನಿಧಾನಪ್ಪನ ಸೂಜಿ

ಬೆಳಿಗ್ಗೆ ಮುಖ ತೊಳೆದು, ದೇವರಿಗೆ ಕೈಮುಗಿದ ಮೇಲೆ ನಿಧಾನಪ್ಪ ಮಾಡುವ ಮೊದಲ ಕೆಲಸ ಸೂಜಿಗೆ ದಾರ ಪೋಣಿಸುವುದು. ಕಿಟಕಿಯ ಬಳಿ ನಿಂತು, ಮೇಣ ತಿಕ್ಕಿದ ದಾರದ ತುದಿಯನ್ನು ಹೊಸೆದು, ಮೂರು ಸಲ ಪ್ರಯತ್ನಿಸುತ್ತಾನೆ. ಮೂರರೊಳಗೆ ದಾರ ದಾಟಿದರೆ ಬೂಟು ರಿಪೇರಿ ಅಂಗಡಿಯ ಬಾಗಿಲು ತೆರೆಯುತ್ತದೆ. ದಾಟದಿದ್ದರೆ ಆ ದಿನ ಕೆಲಸವಿಲ್ಲ. ಈಚೆಗೆ ಮುಚ್ಚಿದ ದಿನಗಳೇ ಹೆಚ್ಚಾಗಿದ್ದವು.

ಅವಸರವೆಂದರೆ ಆಗದವನೆಂದು ಆ ಬೆಟ್ಟದೂರು ಅವನಿಗೆ ಇಟ್ಟ ಹೆಸರು ನಿಧಾನಪ್ಪ. ಆ ದಿನ ಮೂರನೆಯ ಸಲಕ್ಕೆ ದಾರ ದಾಟಿತು. ಬಾಗಿಲು ತೆರೆದಿದ್ದೇ ತಡ, ಪರದೇಶದ ಪ್ರವಾಸಿ ಹೆಂಗಸೊಬ್ಬಳು ಬಾಯಿ ಬಿಟ್ಟ ಬೂಟನ್ನು ಹಿಡಿದು ಬಂದಳು. ಇಲ್ಲಿನ ಮಾತು ಚೆನ್ನಾಗಿಯೇ ಕಲಿತಿದ್ದಳು.

"ಅಜ್ಜ, ಹತ್ತು ಗಂಟೆ ಬಸ್ಸಿಗೆ ಹೋಗ್ಬೇಕು. ನಾಳೆ ಬೆಟ್ಟ ಹತ್ತೋದಿದೆ. ಬೇಗ ಹೊಲಿದು ಕೊಡ್ತೀರಾ?"

"ಸಂಜೆ ಬಾ ಮಗಳೇ. ಸಂಜೇನೂ ಒಂದು ಬಸ್ಸಿದೆ."

"ಇಷ್ಟಕ್ಕೆ ಇಡೀ ದಿನಾನಾ?"

ಒಳಗಿನಿಂದ ಹೆಂಡತಿ ನಕ್ಕಳು. "ನನ್ನನ್ನ ಒಪ್ಪೋಕೆ ಇವರು ನಾಲ್ಕು ವರ್ಷ ತಗೊಂಡ್ರು ಕಣಮ್ಮ. ನಿನ್ನ ಬೂಟಿಗೆ ಒಂದೇ ದಿನ ಕೇಳ್ತಿದ್ದಾರೆ. ಪುಣ್ಯವಂತೆ ನೀನು!" ಎಂದು ತನ್ನ ಚಪ್ಪಲಿಯನ್ನೇ ಅವಳಿಗೆ ಕೊಟ್ಟು ಕಳಿಸಿದಳು.

ನಿಧಾನಪ್ಪ ಹಳೆಯ ಹೊಲಿಗೆಯನ್ನು ಬಿಚ್ಚತೊಡಗಿದ. ಎಂಟು ವರ್ಷದ ಹಿಂದೆ ಅವನೂ ಅವಸರ ಮಾಡಿದ್ದ. ಪ್ರವಾಸಿಗಳನ್ನು ಬೆಟ್ಟ ಹತ್ತಿಸುತ್ತಿದ್ದ ಅವನ ತಮ್ಮ ಒಂದು ಸಂಜೆ ಬೂಟು ತಂದು ಎದುರಿಗೇ ಕೂತಿದ್ದ. ಬೆಳಕು ಇಳಿದಿತ್ತು, ಸೂಜಿಯ ಕಣ್ಣು ಕಾಣುತ್ತಿರಲಿಲ್ಲ. "ಕೊಡ್ರೀ, ನಾನು ಪೋಣಿಸ್ತೀನಿ" ಎಂದು ಹೆಂಡತಿ ಪೋಣಿಸಿ ಕೊಟ್ಟಳು. ಅವನು ಬೆರಳಂದಾಜಿನಲ್ಲಿ ಹೊಲಿದು ಮುಗಿಸಿದ. ಮರುದಿನ ತಮ್ಮ ಇಳಿಜಾರಿನಲ್ಲಿ ಜಾರಿ ಬಿದ್ದು ತೀರಿಕೊಂಡ. ಕಲ್ಲು ಸಡಿಲವಿತ್ತು ಎಂದರು ಜನ. ಬೂಟನ್ನು ತಿರುಗಿಸಿ ನೋಡಿದ ನಿಧಾನಪ್ಪನಿಗೆ ಮಾತ್ರ ತಿಳಿಯಿತು: ಕೊನೆಯ ನಾಲ್ಕು ಹೊಲಿಗೆ ಅಟ್ಟೆಯನ್ನು ಹಿಡಿದೇ ಇರಲಿಲ್ಲ. ಹೆಂಡತಿಗೆ ಹೇಳಿದ. ಒಬ್ಬರನ್ನೊಬ್ಬರು ದೂರಲಿಲ್ಲ. ಆದರೆ ಅಂದಿನಿಂದ ಅವಳು ಅಂಗಡಿಯ ಸೂಜಿ ಮುಟ್ಟಿಲ್ಲ.

ಸಂಜೆ ಪ್ರವಾಸಿ ಬಂದಾಗ ಅವಳ ಮುಖ ಬಿಸಿಲಿಗೆ ಕೆಂಪಗಾಗಿತ್ತು.

"ಏನೆಲ್ಲ ನೋಡಿದೆ?" ಹೆಂಡತಿ ಕೇಳಿದಳು.

"ಏನೂ ಇಲ್ಲ ಅಜ್ಜಿ. ಕಲ್ಲುಬೆಂಚಿನ ಮೇಲೆ ಕೂತಿದ್ದೆ. ಬಟ್ಟೆ ಒಣಗಿಸ್ತಿದ್ದ ಹೆಂಗಸು, ಕಲ್ಲು ತಣ್ಣಗಿರುತ್ತೆ ಅಂತ ಮನೆಯಿಂದ ದಿಂಬು ತಂದುಕೊಟ್ಟಳು. ಹಳ್ಳದ ಹತ್ತಿರ ನಿದ್ದೆ ಹೋದೆ. ಎದ್ದಾಗ ಯಾರೋ ಮುಖಕ್ಕೆ ನೆರಳಾಗೋ ಹಾಗೆ ಕೊಡೆ ಇಟ್ಟು ಹೋಗಿದ್ರು. ಬಸ್ಸು ಬಿಟ್ಟಿದ್ದೇ ಒಳ್ಳೇದಾಯ್ತು. ಹೀಗೆ ಸುಮ್ನೆ ಕೂತು ಎಷ್ಟು ವರ್ಷವಾಗಿತ್ತೋ!"

ನಿಧಾನಪ್ಪನ ಮುಖ ಅರಳಿತು. ನಾಲ್ಕೇ ಹೊಲಿಗೆ ಉಳಿದಿದ್ದವು. ಆಗ ದಾರ ತುಂಡಾಯಿತು.

ಸೂರ್ಯ ಬೆಟ್ಟದ ಹಿಂದೆ ಸರಿದಿದ್ದ. ದೀಪ ಹಾಕಿದರೂ ಅವನ ಕಣ್ಣಿಗೆ ಎಲ್ಲ ಕಲಸಿದ ಹಾಗಿತ್ತು. ಒಂದು ಸಲ ಪೋಣಿಸಲು ನೋಡಿದ. ಎರಡನೆಯ ಸಲ. ಮೂರನೆಯ ಸಲ ದಾರ ಸೂಜಿಯ ಪಕ್ಕಕ್ಕೇ ಹಾದುಹೋಯಿತು. ಬೀದಿಯ ತಿರುವಿನಲ್ಲಿ ಬಸ್ಸು ಹಾರನ್ ಹೊಡೆಯಿತು.

"ಕೊಡಿ ಅಜ್ಜ, ನಾನು ಪೋಣಿಸ್ತೀನಿ."

ಲೋಟ ಒರೆಸುತ್ತಿದ್ದ ಹೆಂಡತಿಯ ಕೈ ನಿಂತಿತು.

ನಿಧಾನಪ್ಪ ಸೂಜಿಯನ್ನು ಮೇಣದ ಉಂಡೆಗೆ ಚುಚ್ಚಿಟ್ಟ.

"ಬೇಡ ಮಗಳೇ. ಪೋಣಿಸೋಕೆ ಕಾಣದವನಿಗೆ ಹೊಲಿಯೋಕೆ ಎಲ್ಲಿ ಕಾಣುತ್ತೆ? ಬಸ್ಸು ಹೋಗ್ಲಿ, ಇವತ್ತು ಇಲ್ಲೇ ಮಲಗು. ಬೆಳಿಗ್ಗೆ ನನ್ನ ಕೈಲಾದ್ರೆ ಹೊಲಿದು ಕೊಡ್ತೀನಿ. ಆಗದಿದ್ರೆ ಕೆಳಗಿನ ಊರಲ್ಲಿ ಒಬ್ಬ ಒಳ್ಳೆ ಕೆಲಸಗಾರ ಇದಾನೆ, ನಾನೇ ಕರ್ಕೊಂಡು ಹೋಗ್ತೀನಿ."