ಹಂಚಿದ ಕಂದು

ದಿವಾ ಸ್ಟೇಷನ್ನಿನ ಹಿಂದಿನ ಚಾಳಿನಲ್ಲಿ ಉಮಾವತಿಯಕ್ಕನ ಮನೆ ಯಾವುದೆಂದರೆ ಜನ ಬಾಳೆಬುಡದತ್ತ ಕೈತೋರಿಸುತ್ತಿದ್ದರು. ಮಗಳು ಶ್ರದ್ಧಾ ಹುಟ್ಟಿದ ವರ್ಷ ಕಾಪುವಿನ ತವರಿನಿಂದ ತಂದು, ನಲ್ಲಿಯ ನೀರು ಹರಿಯುವಲ್ಲಿ ನೆಟ್ಟ ಕದಳಿ ಅದು. ಶಾಲೆಗೆ ಸೇರಿದ ವರ್ಷವೇ ಮಗು ಜ್ವರದಲ್ಲಿ ಹೋಯಿತು. ಬಾಳೆ ಉಳಿಯಿತು. ಆಮೇಲೆ ಅಕ್ಕ ಅದನ್ನು "ಹುಡುಗಿ" ಎಂದೇ ಕರೆದಳು. ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದ ಗಂಡ ತಾರಾನಾಥನೂ ಹಾಗೇ ಕರೆದ.

ಕಂದು ಮಾರುವುದೂ ಒಂದೇ, ಕಂದನನ್ನು ಮಾರುವುದೂ ಒಂದೇ. ಬಾಳೆಯ ಬುಡದಲ್ಲಿ ಮೊಳೆತ ಮರಿಯನ್ನು ಕೇಳಿದವರಿಗೆ ಅಗೆದು ಕೊಡುವುದು ನಮ್ಮ ರೀತಿ. ಕಲ್ಯಾಣದಲ್ಲಿದ್ದ ನಮ್ಮೂರ ದಮಯಂತಿಯ ಹಿತ್ತಿಲಲ್ಲಿ, ಅಕ್ಕ ಹಾಗೆ ಕೊಟ್ಟ ಕಂದು ದೊಡ್ಡ ಹಿಂಡಾಗಿತ್ತು.

೨೦೧೧ರ ಮಳೆಗಾಲದಲ್ಲಿ ಅಕ್ಕನ ಬಾಳೆಯ ಎಲೆಗಳು ಕಿರಿದಾಗಿ, ತುದಿಯಲ್ಲಿ ಪೊರಕೆ ಕಟ್ಟಿದಂತೆ ಸೆಟೆದು ನಿಂತವು. ದೃಷ್ಟಿಯೆಂದು ಮೆಣಸು ಸುಟ್ಟಳು. ತಾಯಿಗಿಡ ಸಾಯುವ ಮುಂಚೆ ಹುಡುಗಿ ಎಲ್ಲಾದರೂ ಬದುಕಲಿ ಎಂದು ಕಂದುಗಳನ್ನು ಕಿತ್ತು, ಲೋಕಲ್‌ನಲ್ಲಿ ಹೊತ್ತು, ಡೊಂಬಿವಲಿ, ಕಲ್ಯಾಣದ ಊರವರಿಗೆಲ್ಲ ಹಂಚಿದಳು. ದಮಯಂತಿಯ ಮನೆಯಲ್ಲಿ ಹಳೆಯ ಹಿಂಡಿನ ಮಗ್ಗುಲಲ್ಲೇ ನೆಟ್ಟಳು. ಅಕ್ಕತಂಗಿಯರು ಜೊತೆಗಿರಲಿ ಎಂದು.

ಮರುವರ್ಷ ದಮಯಂತಿಯ ಫೋನು ಬಂತು. "ನಿಮ್ಮ ಚಿಕ್ಕವಳು ನಮ್ಮ ದೊಡ್ಡವಳಿಗೂ ಹಠ ಕಲಿಸಿದ್ದಾಳೆ ಮಾರಾಯ್ರೇ. ಎಲೆ ಬಿಚ್ಚುವುದೇ ಇಲ್ಲ!"

ಅಕ್ಕ ಓಡಿದಳು. ಅಲ್ಲಿಗೆ ಗಿಡ ಮಾರುವ ವಿಜಾಪುರದ ಮಾಪಣ್ಣ ಬಂದಿದ್ದ. ಬಾಳೆಪಟ್ಟೆ ಸರಿಸಿ ಸಾಸಿವೆಯಂಥ ಕರಿ ಹೇನು ತೋರಿಸಿದ.

"ಬ್ಯಾನಿ ಗಿಡದಾಗ ಉಣ್ತಾವ, ಚಲೋ ಗಿಡದಾಗ ಬಂದು ಕೈ ತೊಳಿತಾವ. ಹಂಗ ರೋಗ ದಾಟ್ತದ. ಇದಕ್ಕ ಔಷಧ ಇಲ್ರೀ ಅಕ್ಕಾರ. ಸೀಮೆಎಣ್ಣಿ ಹಾಕಿ ಹೇನು ಕೊಂದು, ಬುಡಸಮೇತ ಕೀಳಬೇಕು."

"ಕಂದು?"

"ತಾಯಿಗೆ ಹತ್ತಿದ್ದು ಕಂದಿಗೂ ಬಂದಿರ್ತದ. ಈ ಸಣ್ಣದನ್ನ ಯಾರು ತಂದ್ರಿ?"

ದಮಯಂತಿ ನೆಲ ನೋಡಿದಳು. "ಯಾರೋ ಕೊಟ್ಟದ್ದು."

"ನಾನೇ ಕೊಟ್ಟದ್ದು," ಎಂದಳು ಅಕ್ಕ.

ಹಂಚಿದ ಮನೆಗಳಿಗೆಲ್ಲ ಹಾರೆ ಹಿಡಿದು ಹೋದಳು. "ಕೊಟ್ಟ ಹೆಣ್ಣನ್ನು ವಾಪಸು ಕರಕೊಂಡು ಹೋಗುವ ತಾಯಿ ನೀವೊಬ್ಬರೇ," ಎಂದು ಡೊಂಬಿವಲಿಯಲ್ಲಿ ಒಬ್ಬಾಕೆ ನಕ್ಕಳು. ಅಕ್ಕನೂ ನಕ್ಕಂತೆ ಮಾಡಿ ಕಿತ್ತಳು.

ಕೊನೆಗೆ ಉಳಿದದ್ದು ಅವಳದೇ ಅಂಗಳದಲ್ಲಿ, ಸತ್ತ ತಾಯಿಗಿಡದ ಬುಡದಲ್ಲಿ ಮತ್ತೆ ಮೊಳೆತ ಒಂದು ಕಂದು. ಒಂದೇ ಎಲೆ, ಹಸಿರಾಗಿ ಅಗಲ ಬಿಚ್ಚಿತ್ತು.

ತಾರಾನಾಥ ಅಡ್ಡ ನಿಂತ. "ಇದೊಂದು ಇರಲಿ ಮಾರಾಯ್ತಿ. ಚೆಂದ ಉಂಟಲ್ಲ?"

"ಶ್ರದ್ಧಾ ಕೂಡ ಆ ದಿನ ಬೆಳಿಗ್ಗೆ ನಗ್ತಾ ಇದ್ದಳು," ಎಂದು ಅಕ್ಕ ಹಾರೆ ಹಾಕಿದಳು.