ಘನಣ್ಣನಿಗೆ ಕಾರಣ ಸಿಗಲಿಲ್ಲ

ನ್ಯಾಯಾಲಯದ ಮೆಟ್ಟಿಲ ಕೆಳಗಿನ ಮೂರಡಿ ಮೇಜಿಗೆ ಇಪ್ಪತ್ತೆರಡು ವರ್ಷಗಳಿಂದ ಒಡೆಯನಾಗಿದ್ದ ಟೈಪಿಸ್ಟನನ್ನು ಎಲ್ಲರೂ ಘನಣ್ಣ ಎನ್ನುತ್ತಿದ್ದರು. ಪ್ರತಿ ಅರ್ಜಿಯಲ್ಲೂ ‘ಘನ ನ್ಯಾಯಾಲಯ’ ಎಂದು ಹತ್ತು ಸಲ ಹೊಡೆದು ಹೊಡೆದು, ಆ ಘನತೆಯ ಒಂದಿಷ್ಟು ಪಾಲು ತನಗೂ ಅಂಟಿಕೊಂಡಿದೆ ಎಂದು ಅವನು ನಂಬಿದ್ದ. ವಾದ ಮಾಡುವವರು ವಕೀಲರಿರಬಹುದು, ವಾದವನ್ನು ಹೆತ್ತವನು ತಾನು!

ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವರಿಗೆಂದೇ ಅವನ ಕಂಪ್ಯೂಟರಿನಲ್ಲಿ ಒಂದು ಫೈಲಿತ್ತು. ಕೆಮ್ಮಿನ ಔಷಧಿ ಕುಡಿದದ್ದು, ಗೆಳೆಯನ ಗ್ಲಾಸು ಅಂಗಿಯ ಮೇಲೆ ಚೆಲ್ಲಿದ್ದು, ಹಲ್ಲುನೋವಿಗೆಂದು ಬ್ರಾಂದಿ ಬಾಯಲ್ಲಿಟ್ಟುಕೊಂಡು ಉಗುಳಿದ್ದು. ಹೆಸರು, ಗಾಡಿ ನಂಬರು ಬದಲಿಸಿದರೆ ಮನವಿ ತಯಾರು. ಎರಡು ವರ್ಷದ ಹಿಂದೆ ತಾನೇ ಸಿಕ್ಕಿಬಿದ್ದಾಗ ಘನಣ್ಣ ಹಲ್ಲುನೋವನ್ನು ಆರಿಸಿಕೊಂಡಿದ್ದ. ನ್ಯಾಯಾಧೀಶೆ ದಂಡ ಹಾಕಿ, “ಹಲ್ಲು ತೋರಿಸ್ಕೊಳ್ಳಿ” ಎಂದು ಕಳಿಸಿದ್ದರು.

ಈ ಸಲ ಹಾಡುಹಗಲೇ ಆಯಿತು. ಹಿರಿಯ ಗುಮಾಸ್ತರೊಬ್ಬರ ನಿವೃತ್ತಿಯ ಊಟ ಮುಗಿಸಿ, ಸ್ಕೂಟರನ್ನು ದಾರ ಹಿಡಿದಷ್ಟು ನೆಟ್ಟಗೆ ಓಡಿಸುತ್ತಿದ್ದೇನೆಂಬ ಪೂರ್ಣ ವಿಶ್ವಾಸದಲ್ಲಿ, ಸುಮ್ಮನೆ ನಿಂತಿದ್ದ ಪೊಲೀಸ್ ಜೀಪಿಗೇ ಹೋಗಿ ಗುದ್ದಿದ. ಎರಡನೆಯ ಸಲವಾದ್ದರಿಂದ ಜೈಲಾಗಬಹುದು. ಜೈಲಾದರೆ ಮೇಜು ಹೋದಂತೆಯೇ. ಅದರ ಪರವಾನಗಿ ಕೊಡುವುದೂ ಅದೇ ನ್ಯಾಯಾಲಯ.

ವಕೀಲರನ್ನಿಡಲು ಅವನ ಘನತೆ ಒಪ್ಪಲಿಲ್ಲ. ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕೂತ. ಎದುರಿಗೆ ಶಾಲಾ ಶಿಕ್ಷಕಿಯಾದ ಹೆಂಡತಿ ಕೆಂಪು ಪೆನ್ನು ಹಿಡಿದು ಉತ್ತರ ಪತ್ರಿಕೆ ತಿದ್ದುತ್ತಿದ್ದಳು.

“ರೀ, ಕೆಮ್ಮಿನ ಔಷಧಿ ಹಾಕ್ಕೊಳ್ಳಿ.”

“ಹೋದ ವಾರ ಇಬ್ಬರಿಗೆ ಕೊಟ್ಟಿದೀನಿ ಕಣೇ. ಅದೇ ಕೋರ್ಟು, ಅದೇ ಮೇಡಂ.”

“ಅಂಗಿ ಮೇಲೆ ಚೆಲ್ಲಿದ್ದು?”

“ಅದು ಲಾರಿ ಡ್ರೈವರ್‌ಗೆ ಹೋಯ್ತು.”

“ನಿಮಗೆ ಅಂತ ಒಂದೂ ಇಟ್ಕೊಂಡಿಲ್ವಾ? ಊರಿಗೆಲ್ಲ ಹಂಚಿ ದಾನಶೂರ ಆಗ್ಬಿಟ್ರಲ್ಲ!”

“ಹಲ್ಲುನೋವೇ ಇನ್ನೊಂದ್ಸಲ...”

“ಆ ಹಲ್ಲು ಕೀಳಿಸಿ ವರ್ಷ ಆಯ್ತು. ಮಗು ಥರ ಅಳ್ತಿದ್ರಿ, ಕೈ ಹಿಡ್ಕೊಂಡು ಕೂತಿದ್ದೋಳು ನಾನು.”

ಕೊನೆಗೆ ಘನಣ್ಣ ಹೊಸದೊಂದನ್ನು ಹೆಣೆದ. ಬಿಸಿಲು, ತಲೆಸುತ್ತು, ರಸ್ತೆಯ ಬಣ್ಣದಲ್ಲಿ ಬೆರೆತುಹೋದ ಜೀಪಿನ ಬಣ್ಣ ಎಲ್ಲ ಸೇರಿ ಎರಡೂವರೆ ಪುಟವಾಯಿತು. ಹೆಂಡತಿ ಓದಿ, ಅಂಚಿನಲ್ಲಿ ಉದ್ದಕ್ಕೆ ಕೆಂಪು ಗೀಟು ಎಳೆದಳು.

“ಉತ್ತರ ಗೊತ್ತಿಲ್ದಿದ್ರೆ ನನ್ನ ಏಳನೇ ಕ್ಲಾಸಿನ ಮಕ್ಕಳೂ ಹೀಗೇ ಪುಟ ತುಂಬಿಸ್ತಾರೆ. ಎಷ್ಟು ಕುಡಿದಿದ್ರಿ?”

“ಮೂರು.”

ಅವಳು ಕನ್ನಡಕದ ಮೇಲಿಂದ ನೋಡಿದಳು.

“ಐದು.”

ಆದರೂ ಮರುದಿನ ಎರಡೂವರೆ ಪುಟವನ್ನೇ ಟೈಪ್ ಮಾಡಿಕೊಂಡು ಒಯ್ದ. ಅಷ್ಟು ಚೆಂದದ ಬರಹವನ್ನು ಹರಿದುಹಾಕಲು ಮನಸ್ಸಾಗಲಿಲ್ಲ. ನ್ಯಾಯಾಧೀಶೆ ಹಾಳೆಗಳನ್ನು ಬಿಡಿಸಲೇ ಇಲ್ಲ.

“ಟೈಪ್ ಮಾಡಿದ್ದು ಯಾರು?”

“ನಾನೇ, ಮೇಡಂ,” ಎಂದ, ತುಸು ಹೆಮ್ಮೆಯಿಂದಲೇ.

“ಹಾಗಾದ್ರೆ ಬೇಡ. ನಿಮ್ಮದೆಲ್ಲ ಓದಿ ಮುಗಿಸಿದೀನಿ. ಬಾಯಲ್ಲಿ ಹೇಳಿ.”

ಕೀಲಿಮಣೆಯಿಲ್ಲದೆ ಬೆರಳು ತಡಕಾಡಿದವು. ನಾಲಿಗೆಯೂ ಅಷ್ಟೇ.

“ಐದು ಗ್ಲಾಸು ಕುಡಿದಿದ್ದೆ. ಜೀಪು ನಿಂತಿತ್ತು. ಗುದ್ದಿದ್ದು ನಾನು.”

ಅವನ ಜೀವಮಾನದ ಅತಿ ಚಿಕ್ಕ ಮನವಿ ಅದು. ದಂಡ ಬಿತ್ತು, ಲೈಸೆನ್ಸು ಎರಡು ವರ್ಷ ಅಮಾನತಾಯಿತು. ಜೈಲಿನ ಬದಲು, ಅಂದಿನ ಕಲಾಪ ಮುಗಿಯುವವರೆಗೆ ಹಿಂದಿನ ಬೆಂಚಿನಲ್ಲಿ ಕೂತಿರುವ ಶಿಕ್ಷೆ.

“ಮೇಡಂ, ನನ್ನ ಮೇಜು?”

“ಮೇಜು ಕುಡಿದಿರಲಿಲ್ವಲ್ಲ.”

ಘನಣ್ಣ ಸಂಜೆಯವರೆಗೆ ಕೂತ. ಕೆಮ್ಮಿನ ಔಷಧಿ ಎರಡು ಸಲ ಬಂತು, ಚೆಲ್ಲಿದ ಗ್ಲಾಸು ಒಂದು ಸಲ. ಪ್ರತಿ ಸಲವೂ ನ್ಯಾಯಾಧೀಶೆ ಹಿಂದಿನ ಬೆಂಚಿನತ್ತ ನೋಡುತ್ತಿದ್ದರು. ಅವನು ಫ್ಯಾನಿನ ರೆಕ್ಕೆ ಎಣಿಸುತ್ತಿದ್ದ.

ಹೊರಗೆ ಹೆಂಡತಿ ಕಾದಿದ್ದಳು. ಇಬ್ಬರೂ ಬಸ್ಸು ಹತ್ತಿದರು.

“ಎಲ್ಲಿಗೆ?” ಎಂದ ಕಂಡಕ್ಟರು.

ಇಪ್ಪತ್ತೆರಡು ವರ್ಷ ಸ್ಕೂಟರಿನಲ್ಲೇ ಓಡಾಡಿದ ಘನಣ್ಣನಿಗೆ ತನ್ನ ಮನೆಯ ಹತ್ತಿರದ ನಿಲ್ದಾಣದ ಹೆಸರೇ ಗೊತ್ತಿರಲಿಲ್ಲ.

“ಎರಡು ಕೊಡಿ, ನೀರಿನ ಟ್ಯಾಂಕ್ ಹತ್ರ,” ಎಂದಳು ಹೆಂಡತಿ. “ಇವರು ಹೊಸಬರು. ಇನ್ನೆರಡು ವರ್ಷ ಬರ್ತಾರೆ, ಮುಖ ನೋಡಿಟ್ಕೊಳ್ಳಿ.”